ಸಿಆರ್ ಶೀಟ್: ಕೊಳ್ಳುವವರು, ಬಗ್ಗಿಸುವವರು, ಬಣ್ಣ ಹೊಡೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಬೀರು, ಆಫೀಸಿನ ಫೈಲ್ ಕ್ಯಾಬಿನೆಟ್, ಎಲೆಕ್ಟ್ರಿಕಲ್ ಪ್ಯಾನಲ್, ಕಾರಿನ ಬಾಗಿಲು, 200 ಲೀಟರ್ ಎಣ್ಣೆ ಡ್ರಮ್. ಇವಕ್ಕೆಲ್ಲ ಮೂಲ ಸಾಮಾನು ಹೆಚ್ಚುಕಡಿಮೆ ಒಂದೇ: ಕಡಿಮೆ ಕಾರ್ಬನ್ ಇರುವ ಕೋಲ್ಡ್ ರೋಲ್ಡ್ ಉಕ್ಕಿನ ಶೀಟ್, ಅಂದರೆ ಸಿಆರ್ ಶೀಟ್. ಅಂಗಡಿಗೆ ಬರುವವರು ಮೊದಲು ಕೇಳುವುದು "ಗಟ್ಟಿ ಇದೆಯಾ?" ಅಂತ. ಆದರೆ ಈ ಶೀಟಿಗೆ ಜಾಸ್ತಿ ದುಡ್ಡು ಕೊಡುವುದು ಗಟ್ಟಿತನಕ್ಕಲ್ಲ. ನಯವಾದ ಮೈ, ಒಂದೇ ಸಮ ದಪ್ಪ, ಬಿರುಕು ಬಿಡದೆ ಬಗ್ಗುವ ಗುಣ, ಇವಕ್ಕೆ. ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಸಿಆರ್ ಶೀಟ್ ಅಂದರೆ ಏನು? ಹೇಗೆ ಮಾಡುತ್ತಾರೆ?

ಮೊದಲು ಉಕ್ಕಿನ ದಪ್ಪ ಸ್ಲ್ಯಾಬನ್ನು ಸುಮಾರು 1200 ಡಿಗ್ರಿಗೆ ಕಾಯಿಸಿ, ರೋಲರುಗಳ ನಡುವೆ ಒತ್ತಿ, ಕೆಲವು ಮಿಲಿಮೀಟರ್ ದಪ್ಪಕ್ಕೆ ತರುತ್ತಾರೆ. ಅದು ಹಾಟ್ ರೋಲ್ಡ್ ಕಾಯಿಲ್, ಅಂದರೆ ಎಚ್‌ಆರ್. ಬಿಸಿಯಲ್ಲಿ ಗಾಳಿ ತಾಗಿದ್ದರಿಂದ ಅದರ ಮೈಮೇಲೆ ನೀಲಿ-ಕಪ್ಪು ಪೊರೆ ಕೂತಿರುತ್ತದೆ. ಅದಕ್ಕೆ ಸ್ಕೇಲ್ ಅನ್ನುತ್ತಾರೆ. ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿ ಈ ಪೊರೆ ತೆಗೆಯುತ್ತಾರೆ. ಇದು ಪಿಕ್ಲಿಂಗ್.

ಆಮೇಲೆ ಕಾಯಿಸದೆ, ಹಾಗೆಯೇ, ಇನ್ನೊಂದು ಸಾಲು ರೋಲರುಗಳ ನಡುವೆ ಎಳೆಯುತ್ತಾರೆ. 3 ಎಂಎಂ ಇದ್ದದ್ದು 1 ಎಂಎಂ ಆಗುತ್ತದೆ, ಕೆಲವೊಮ್ಮೆ ಇನ್ನೂ ತೆಳು. ದಪ್ಪದಲ್ಲಿ ಅರ್ಧದಿಂದ ಮುಕ್ಕಾಲು ಭಾಗದಷ್ಟು ಇಳಿಕೆ ಇಲ್ಲಿ ಮಾಮೂಲು. ಹೊರಗಿನಿಂದ ಬೆಂಕಿ ಇಲ್ಲ ಅನ್ನುವ ಅರ್ಥದಲ್ಲಿ ಮಾತ್ರ ಇದು 'ಕೋಲ್ಡ್'. ಒತ್ತಡಕ್ಕೇ ಶೀಟ್ ಸಾಕಷ್ಟು ಬಿಸಿಯಾಗುತ್ತದೆ. ಅದಕ್ಕೇ ಎಣ್ಣೆ ಮತ್ತು ನೀರು ಬೆರೆಸಿದ ದ್ರವವನ್ನು ಸುರಿಯುತ್ತಲೇ ಇರುತ್ತಾರೆ.

ಸಿಆರ್ ಮತ್ತು ಸಿಆರ್‌ಸಿಎ ಬೇರೆ ಬೇರೆನಾ?

ಬಿಲ್ಲಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬರೆಯುವವರೇ ಜಾಸ್ತಿ. ಆದರೆ ವ್ಯತ್ಯಾಸ ಇದೆ.

ಕಟ್ಟಡದಲ್ಲಿ ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಒಂದೇ ಕಡೆ ನಾಲ್ಕೈದು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಮೆತ್ತಗಿರುತ್ತದೆ, ಬರಬರುತ್ತ ಬಿಗಿಯಾಗುತ್ತದೆ, ಕೊನೆಗೆ ಮುರಿಯುತ್ತದೆ. ತಣ್ಣಗೆ ರೋಲ್ ಮಾಡಿದ ಶೀಟಿಗೂ ಆಗುವುದು ಅದೇ. ಮಿಲ್ಲಿನಿಂದ ಹೊರಬಂದಾಗ ಅದು ಬಿಗಿದುಕೊಂಡಿರುತ್ತದೆ. ಎಳೆತದ ಬಲ 550 ಮೆಗಾಪಾಸ್ಕಲ್ ದಾಟಿರುತ್ತದೆ, ಹಿಗ್ಗುವ ಗುಣ ಬಹುಪಾಲು ಹೋಗಿರುತ್ತದೆ. ಇದು ಫುಲ್ ಹಾರ್ಡ್. ಚೂಪು ಮೂಲೆಗೆ ಬಗ್ಗಿಸಿದರೆ ಸೀಳುತ್ತದೆ.

ಅದನ್ನು ಮತ್ತೆ ಮೆತ್ತಗೆ ಮಾಡಲು ಅನೀಲಿಂಗ್ ಬೇಕು. ಹಳೆಯ ವಿಧಾನದಲ್ಲಿ ಕಾಯಿಲ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ದೊಡ್ಡ ಮುಚ್ಚಳ ಕವುಚಿ, ಒಳಗೆ ಹೈಡ್ರೋಜನ್ ಅಥವಾ ನೈಟ್ರೋಜನ್ ತುಂಬಿ, 700 ಡಿಗ್ರಿ ಆಸುಪಾಸಿಗೆ ಕಾಯಿಸಿ ನಿಧಾನವಾಗಿ ತಣಿಸುತ್ತಾರೆ. ಕಾಯಿಸಿ ತಣಿಸುವಷ್ಟರಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಹೀಗೆ ಮುಚ್ಚಿಟ್ಟು ಅನೀಲ್ ಮಾಡಿದ್ದರಿಂದ ಕ್ಲೋಸ್ ಅನೀಲ್ಡ್, ಅದೇ ಸಿಆರ್‌ಸಿಎಯ ಕೊನೆಯ ಎರಡಕ್ಷರ. ಹೊಸ ಮಿಲ್ಲುಗಳಲ್ಲಿ ಶೀಟನ್ನು ಉದ್ದನೆಯ ಕುಲುಮೆಯೊಳಗೆ ಓಡಿಸಿಕೊಂಡೇ ಕೆಲವು ನಿಮಿಷದಲ್ಲಿ ಈ ಕೆಲಸ ಮುಗಿಸುತ್ತಾರೆ. ಅಂಗಡಿಯಲ್ಲಿ ಅದಕ್ಕೂ ಸಿಆರ್‌ಸಿಎ ಅಂತಲೇ ಹೆಸರು. ನಿಮಗೆ ಬೇಕಾಗಿರುವುದು ನೂರಕ್ಕೆ ತೊಂಬತ್ತೊಂಬತ್ತು ಸಲ ಅನೀಲ್ ಆದ ಶೀಟೇ.

ಎಚ್‌ಆರ್ ಅಗ್ಗಕ್ಕೆ ಸಿಗುತ್ತದೆ. ಸಿಆರ್ ಯಾಕೆ ಬೇಕು?

ಕೆಲವು ಕಡೆ ಬೇಕಿಲ್ಲ. 2 ಎಂಎಂ ಮೇಲಿನ ಬ್ರಾಕೆಟ್, ಒಳಗೆ ಕೂರುವ ಫ್ರೇಮ್, ಮೆಷಿನ್ ಸ್ಟ್ಯಾಂಡ್, ಇಂಥದ್ದಕ್ಕೆ ಪಿಕ್ಲಿಂಗ್ ಆಗಿ ಎಣ್ಣೆ ಹಚ್ಚಿದ ಎಚ್‌ಆರ್ ಧಾರಾಳ ಸಾಕು. ಅದಕ್ಕೆ ಎಚ್‌ಆರ್‌ಪಿಓ ಅನ್ನುತ್ತಾರೆ. ಸಿಆರ್ ಹಾಕಿ ಸುಮ್ನೆ ದುಡ್ಡು ಕಳೆಯಬೇಡಿ.

ಕಣ್ಣಿಗೆ ಕಾಣುವ ಮೈ, 1.6 ಎಂಎಂಗಿಂತ ತೆಳು ದಪ್ಪ, ಒಂದಕ್ಕೊಂದು ಸರಿಯಾಗಿ ಕೂರಬೇಕಾದ ಭಾಗ, ಇವಿದ್ದರೆ ಸಿಆರ್ ಬೇಕು. ಎಚ್‌ಆರ್ ಮೈ ಒರಟು, ದಪ್ಪದಲ್ಲಿ ಏರುಪೇರು ಜಾಸ್ತಿ. ಅದರ ಮೇಲೆ ಸ್ಕೇಲ್ ಇದ್ದಂತೆಯೇ ಬಣ್ಣ ಹೊಡೆದರೆ ಮುಂದೊಂದು ದಿನ ಸ್ಕೇಲ್ ಜೊತೆಗೆ ಬಣ್ಣವೂ ಸಿಪ್ಪೆಯಾಗಿ ಎದ್ದು ಬರುತ್ತದೆ.

ಸಿಆರ್ ಯಾವಾಗಲೂ ಮೇಲು ಅನ್ನುವ ನಂಬಿಕೆಯೂ ಸರಿಯಲ್ಲ. ಅಡುಗೆ ಮನೆಯ 14.2 ಕೆಜಿ ಗ್ಯಾಸ್ ಸಿಲಿಂಡರನ್ನು ನೋಡಿ. ಅದರ ಎರಡು ಅರ್ಧಗಳನ್ನು ಆಳವಾಗಿ ಪ್ರೆಸ್ ಮಾಡಿ ಬೆಸೆದಿರುತ್ತಾರೆ. ಅಷ್ಟು ಜವಾಬ್ದಾರಿಯ ಕೆಲಸಕ್ಕೆ ಬಳಸುವುದು ಭಾರತೀಯ ಮಾನಕ ಐಎಸ್ 6240 ಪ್ರಕಾರದ ಹಾಟ್ ರೋಲ್ಡ್ ಉಕ್ಕು.

ಕಾರ್ಬನ್ ಕಡಿಮೆ ಇದ್ದರೆ ಉಕ್ಕು ಸಪ್ಪೆ ಅಲ್ವಾ?

ಕತ್ತಿಗೆ, ಸ್ಪ್ರಿಂಗಿಗೆ ಸಪ್ಪೆ. ಶೀಟ್ ಕೆಲಸಕ್ಕೆ ಅದೇ ವರ. ಕಾರ್ಬನ್ ಕಡಿಮೆಯಾದಷ್ಟೂ ಉಕ್ಕು ಸುಲಭವಾಗಿ ಹಿಗ್ಗುತ್ತದೆ, ವೆಲ್ಡಿಂಗ್ ಜಾಗ ಪೆಡಸಾಗುವುದಿಲ್ಲ. ಸಾಮಾನ್ಯ ಸಿಆರ್‌ನಲ್ಲಿ ಕಾರ್ಬನ್ ಶೇ. 0.15ಕ್ಕಿಂತ ಕೆಳಗೆ ಇರುತ್ತದೆ. ತುಂಬ ಆಳಕ್ಕೆ ಎಳೆಯುವ ಗ್ರೇಡುಗಳಲ್ಲಿ ಅದು ಇನ್ನೂ ಇಳಿದು, ಸಾವಿರಕ್ಕೆ ಒಂದು ಭಾಗವೂ ಇರುವುದಿಲ್ಲ.

ಸಿಆರ್1, ಸಿಆರ್2, ಡಿಡಿ, ಇಡಿಡಿ ಅಂತೆಲ್ಲ ಹೇಳುತ್ತಾರೆ. ನಾನು ಯಾವುದು ತಗೊಳ್ಳಲಿ?

ನಮ್ಮಲ್ಲಿ ಇದಕ್ಕೆ ಆಧಾರ ಐಎಸ್ 513. ಅದರ 2016ರ ಆವೃತ್ತಿಯಲ್ಲಿ ಎರಡು ಭಾಗ. ಮೊದಲ ಭಾಗವೇ ನಮ್ಮ ಮೆತ್ತನೆಯ ಶೀಟು, ಎರಡನೆಯದು ಹೆಚ್ಚು ಬಲದ ಉಕ್ಕುಗಳದ್ದು. ಮೊದಲ ಭಾಗದ ಗ್ರೇಡುಗಳು ಹೀಗೆ ಸಾಗುತ್ತವೆ: ಸಿಆರ್1 ಮಾಮೂಲಿ ಕೆಲಸಕ್ಕೆ, ಸಿಆರ್2 ಸ್ವಲ್ಪ ಡ್ರಾಯಿಂಗ್ (ಡೈ, ಅಂದರೆ ಅಚ್ಚಿನಲ್ಲಿ ಒತ್ತಿ ಬಟ್ಟಲಿನಂತೆ ಎಳೆಯುವುದು) ಇರುವ ಕೆಲಸಕ್ಕೆ, ಸಿಆರ್3 ಡೀಪ್ ಡ್ರಾಯಿಂಗಿಗೆ, ಸಿಆರ್4 ಇನ್ನೂ ಆಳದ ಡ್ರಾಯಿಂಗಿಗೆ. ಸಿಆರ್5 ಐಎಫ್ ಉಕ್ಕು. ಅದರಲ್ಲಿ ಬಿಡಿಯಾಗಿ ಅಲೆಯುವ ಕಾರ್ಬನ್, ನೈಟ್ರೋಜನ್ ಇರದಂತೆ ಟೈಟಾನಿಯಂ ಅಥವಾ ನಯೋಬಿಯಂ ಹಾಕಿ ಕಟ್ಟಿಹಾಕಿರುತ್ತಾರೆ. ಡಿ, ಡಿಡಿ, ಇಡಿಡಿ ಅನ್ನುವುದು ಹಳೆಯ ಹೆಸರು. ಬಾಯಲ್ಲಿ ಇನ್ನೂ ಅದೇ ಓಡುತ್ತಿದೆ.

ಆಯ್ಕೆ ಸುಲಭ. ಬರೀ ಕತ್ತರಿಸಿ, ತೂತು ಹೊಡೆದು, ಬಗ್ಗಿಸಿ ಮಾಡುವ ಡಬ್ಬ, ಬೀರು, ಪ್ಯಾನಲ್‌ಗೆ ಸಿಆರ್1 ಸಾಕು. ಡೈ ಹಾಕಿ ಬಟ್ಟಲಿನಂತೆ ಎಳೆಯುವ ಕೆಲಸ ಬಂದಾಗ ಮಾತ್ರ ಸಿಆರ್2ರಿಂದ ಮೇಲಕ್ಕೆ ಹೋಗಿ. ಆಯಿಲ್ ಫಿಲ್ಟರಿನ ಡಬ್ಬಿ, ಬೈಕಿನ ಪೆಟ್ರೋಲ್ ಟ್ಯಾಂಕು, ಕಾರಿನ ಬಾಗಿಲಿನ ಒಳಭಾಗ ಈ ಜಾತಿಯವು.

ಗಿರಾಕಿ ಕೊಟ್ಟ ನಕ್ಷೆಯಲ್ಲಿ ಎಸ್‌ಪಿಸಿಸಿ ಅಥವಾ ಡಿಸಿ01 ಅಂತ ಬರೆದಿದೆ. ಇಲ್ಲಿ ಸಿಗುತ್ತದಾ?

ಎಸ್‌ಪಿಸಿಸಿ ಜಪಾನಿನ ಜೆಐಎಸ್ ಜಿ 3141ರ ಹೆಸರು, ಡಿಸಿ01 ಯುರೋಪಿನ ಇಎನ್ 10130ರದ್ದು. ಎರಡಕ್ಕೂ ಹತ್ತಿರದ್ದು ನಮ್ಮ ಸಿಆರ್1. ಹಾಗೆಯೇ ಡಿಸಿ04ಕ್ಕೆ ಹತ್ತಿರದ್ದು ಸಿಆರ್4. ಹತ್ತಿರ ಅಂದರೆ ಹತ್ತಿರ ಅಷ್ಟೇ, ಅಕ್ಷರಕ್ಕಕ್ಷರ ಒಂದೇ ಅಲ್ಲ. ಹೊರದೇಶದ ಗಿರಾಕಿಗೆ ಮಾಡುವ ಕೆಲಸವಾದರೆ ಬದಲಿ ಗ್ರೇಡ್ ಹಾಕುವ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಅಂಕಿ ಬೇಕು ಅನ್ನುವವರಿಗೆ: ಡಿಸಿ01ರ ಎಳೆತದ ಬಲ 270ರಿಂದ 410 ಮೆಗಾಪಾಸ್ಕಲ್, ಹಿಗ್ಗುವುದು ಕನಿಷ್ಠ ಶೇ. 28. ಡಿಸಿ04ರಲ್ಲಿ ಬಲ 270ರಿಂದ 350, ಹಿಗ್ಗುವುದು ಕನಿಷ್ಠ ಶೇ. 38. ಗ್ರೇಡ್ ಮೇಲೆ ಹೋದಂತೆ ಬಲ ಏರುವುದಿಲ್ಲ. ಇಳಿಯುತ್ತದೆ. ಜಾಸ್ತಿ ದುಡ್ಡು ಕೊಟ್ಟು ಮೆತ್ತನೆಯ ಶೀಟು ಕೊಳ್ಳುತ್ತೀರಿ.

ಬೀರುವಿನ ಬಾಗಿಲು ಒತ್ತಿದರೆ ಒಳಗೆ ಹೋಗುತ್ತದೆ. ಒಳ್ಳೆ ಗ್ರೇಡ್ ಹಾಕಿಸಿದರೆ ಸರಿಹೋಗುತ್ತದಾ?

ಇಲ್ಲ. ತುಂಬ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒತ್ತಿದಾಗ ಬಳುಕಿ, ಬಿಟ್ಟಾಗ ವಾಪಸ್ ಬರುವುದು ಒಂದು. ಒತ್ತಿದ ಗುರುತು ಅಲ್ಲೇ ಉಳಿದು ಡೆಂಟ್ ಆಗುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ ಬೇರೆ.

ಬಳುಕುವುದನ್ನು ತೀರ್ಮಾನಿಸುವ ಗುಣ ಎಲ್ಲ ಕಾರ್ಬನ್ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 2 ಲಕ್ಷ ಮೆಗಾಪಾಸ್ಕಲ್. ಅಗ್ಗದ ಸಿಆರ್1 ಆಗಲಿ, ದುಬಾರಿ ಸಿಆರ್5 ಆಗಲಿ, ಹೆಚ್ಚು ಬಲದ ಕಾರಿನ ಉಕ್ಕಾಗಲಿ, ಅದೇ ದಪ್ಪಕ್ಕೆ ಅಷ್ಟೇ ಬಳುಕುತ್ತದೆ. ಬದಲಾಯಿಸಬೇಕಾದದ್ದು ದಪ್ಪ. ದಪ್ಪದ ಲೆಕ್ಕ ಇಲ್ಲಿ ಘನದಲ್ಲಿ ಓಡುತ್ತದೆ. 1 ಎಂಎಂ ಬದಲು 0.8 ಎಂಎಂ ಹಾಕಿದರೆ ತೂಕ ಶೇ. 20 ಉಳಿಯುತ್ತದೆ. ಆದರೆ ಬಳುಕಿಗೆ ತಡೆ 0.8ರ ಘನ, ಅಂದರೆ 0.512. ಹತ್ತಿರ ಹತ್ತಿರ ಅರ್ಧಕ್ಕೆ ಬಿತ್ತು. ಶೀಟಿನಲ್ಲಿ ಉಳಿಸಿದ ಐದನೇ ಒಂದು ಭಾಗ ದುಡ್ಡು ಬಾಗಿಲಿನಲ್ಲಿ ಡಬ್ಬದ ಸದ್ದಾಗಿ ಕೇಳುತ್ತದೆ.

ದಪ್ಪ ಏರಿಸುವುದಕ್ಕಿಂತ ಅಗ್ಗದ ದಾರಿ ಆಕಾರ. ಬಾಗಿಲಿನ ಒಳಗೆ ಮೇಲಿಂದ ಕೆಳಕ್ಕೆ ಟೋಪಿ ಆಕಾರದ ಒಂದು ಪಟ್ಟಿ ಸ್ಪಾಟ್ ವೆಲ್ಡ್ ಮಾಡಿದರೆ, ಅಂಚನ್ನು ಎರಡು ಸಲ ಮಡಿಸಿದರೆ, ನಡುವೆ ಉಬ್ಬು ಗೆರೆ ಒತ್ತಿದರೆ ಸಾಕು, ತೆಳು ಶೀಟೂ ನೆಟ್ಟಗೆ ನಿಲ್ಲುತ್ತದೆ. ಒಳ್ಳೆಯ ಬೀರುವಿನ ಬಾಗಿಲು ತೆರೆದು ಹಿಂಬದಿ ನೋಡಿ, ಗೊತ್ತಾಗುತ್ತದೆ.

ಡೆಂಟ್ ವಿಷಯ ಹಾಗಲ್ಲ. ಅದರಲ್ಲಿ ಶೀಟಿನ ಬಲಕ್ಕೂ ಪಾತ್ರ ಇದೆ. ಅದಕ್ಕೇ ಕಾರಿನ ಹೊರಮೈಗೆ ಬೇಕ್ ಹಾರ್ಡನಿಂಗ್ ಅನ್ನುವ ಬಗೆಯ ಉಕ್ಕು ಬಳಸುತ್ತಾರೆ. ಪ್ರೆಸ್ ಮಾಡುವಾಗ ಮೆತ್ತಗಿರುತ್ತದೆ. ಬಣ್ಣ ಒಣಗಿಸುವ ಓವನ್ನಿನಲ್ಲಿ, 170 ಡಿಗ್ರಿ ಆಸುಪಾಸಿನ ಬಿಸಿಗೆ, ತಾನಾಗಿ ಬಿಗಿಯಾಗುತ್ತದೆ.

20 ಗೇಜ್, 22 ಗೇಜ್ ಅಂದರೆ ಎಷ್ಟು ಎಂಎಂ?

ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವುದು ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕ. 16 ಗೇಜ್ ಅಂದರೆ 1.63 ಎಂಎಂ, 18 ಅಂದರೆ 1.22, 20 ಅಂದರೆ 0.91, 22 ಅಂದರೆ 0.71, 24 ಅಂದರೆ 0.56. ಸಂಖ್ಯೆ ಏರಿದಂತೆ ಶೀಟು ತೆಳುವಾಗುತ್ತದೆ. ಅಮೆರಿಕದ ಗೇಜ್ ಲೆಕ್ಕ ಬೇರೆ. ಅದರಲ್ಲಿ 22 ಗೇಜ್ ಉಕ್ಕಿನ ಶೀಟು 0.76 ಎಂಎಂ.

ನನ್ನ ಸಲಹೆ ಕೇಳಿದರೆ ಗೇಜ್ ಮಾತನ್ನೇ ಬಿಟ್ಟುಬಿಡಿ. ಕೊಟೇಶನ್ನಿನಲ್ಲಿ ಎಂಎಂ ಬರೆಸಿ. "ಹೆವಿ ಗೇಜ್" ಅನ್ನುವ ಮಾತಿಗೆ ಯಾವ ಅರ್ಥವೂ ಇಲ್ಲ.

ಹೇಳಿದಷ್ಟೇ ದಪ್ಪ ಕೊಟ್ಟಿದ್ದಾರೆ ಅಂತ ಹೇಗೆ ನೋಡುವುದು?

ಮೈಕ್ರೋಮೀಟರ್ ಇದ್ದರೆ ಅಂಚಿನಿಂದ ಸ್ವಲ್ಪ ಒಳಗೆ ಹಿಡಿದು ನೋಡಿ. ಕತ್ತರಿಸಿದ ಅಂಚಿನಲ್ಲಿ ಬರ್, ಅಂದರೆ ಚೂಪಾದ ಲೋಹದ ಏಣು ಎದ್ದಿರುತ್ತದೆ, ಅಲ್ಲಿ ಅಳೆದರೆ ಜಾಸ್ತಿ ತೋರಿಸುತ್ತದೆ.

ಇಲ್ಲದಿದ್ದರೆ ತಕ್ಕಡಿ. ಉಕ್ಕಿನ ಸಾಂದ್ರತೆ 7.85. ಅಂದರೆ 1 ಎಂಎಂ ದಪ್ಪದ ಒಂದು ಚದರ ಮೀಟರ್ ಶೀಟು 7.85 ಕೆಜಿ ತೂಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ 1 ಎಂಎಂ ಶೀಟು 23.3 ಕೆಜಿ. ಅದೇ ಅಳತೆಯ 0.8 ಎಂಎಂ 18.7 ಕೆಜಿ, 1.2 ಎಂಎಂ 28 ಕೆಜಿ, 1.6 ಎಂಎಂ 37.3 ಕೆಜಿ, 2 ಎಂಎಂ 46.7 ಕೆಜಿ. 22 ಗೇಜ್ ಅಂತ ಹೇಳಿ 24 ಗೇಜ್ ಕೊಟ್ಟರೆ 16.6 ಕೆಜಿ ಇರಬೇಕಾದ ಶೀಟು 13 ಕೆಜಿ ತೂಗುತ್ತದೆ. ಬಣ್ಣ ಹೊಡೆದು ಮುಗಿಸಿದ ಬೀರುವಿನಲ್ಲೂ ಈ ಉಪಾಯ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಒಂದೇ ಅಳತೆಯ ಎರಡು ಬೀರು, ತೂಕದಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಶೀಟಿನ ದಪ್ಪದ ಬಗ್ಗೆ ಕೇಳಿ.

ಒಂದು ಮಾತು: 1250 × 2500 ಎಂಎಂ ಅಳತೆಯ ಶೀಟೂ ಬರುತ್ತದೆ. ಅದು 8×4ಕ್ಕಿಂತ ಸ್ವಲ್ಪ ದೊಡ್ಡದು, 1 ಎಂಎಂಗೆ 24.5 ಕೆಜಿ. ತೂಕ ಜಾಸ್ತಿ ಬಂತು ಅಂತ ಖುಷಿಪಡುವ ಮೊದಲು ಟೇಪ್ ಹಿಡಿಯಿರಿ.

ಎಷ್ಟು ಚೂಪಾಗಿ ಬಗ್ಗಿಸಬಹುದು?

ಅನೀಲ್ ಆದ ಸಿಆರ್ ಶೀಟನ್ನು ಪೂರ್ತಿ ಮಡಿಸಿ ಚಪ್ಪಟೆ ಮಾಡಿದರೂ ಬಿರುಕು ಬಿಡಬಾರದು. ಬಿಟ್ಟರೆ ಶೀಟು ಹಾರ್ಡ್ ಇದೆ, ಇಲ್ಲವೇ ಅಂಚಿನ ಬರ್ ಮಡಿಕೆಯ ಹೊರಬದಿಗೆ ಬಂದಿದೆ. ಬರ್ ಇರುವ ಬದಿಯನ್ನು ಒಳಗೆ ಇಟ್ಟು ಬಗ್ಗಿಸುವುದು ಹಳೆಯ ಕೆಲಸಗಾರರ ರೂಢಿ, ಒಳ್ಳೆಯ ರೂಢಿ.

ಪ್ರೆಸ್ ಬ್ರೇಕಿನಲ್ಲಿ (ಶೀಟ್ ಬಗ್ಗಿಸುವ ಮೆಷಿನ್) ವಿ-ಡೈ ಬಾಯಿ ಶೀಟಿನ ದಪ್ಪದ 8 ಪಟ್ಟು ಇದ್ದರೆ ಸಲೀಸು. 1 ಎಂಎಂ ಶೀಟಿಗೆ 8 ಎಂಎಂ ಡೈ. ಆಗ ಒಂದು ಮೀಟರ್ ಉದ್ದದ ಬೆಂಡಿಗೆ ಸುಮಾರು 7–8 ಟನ್ ಒತ್ತಡ ಬೇಕು. ದಪ್ಪ ಎರಡರಷ್ಟಾದಾಗ ಡೈ ಬಾಯನ್ನೂ 16 ಎಂಎಂ ಮಾಡಿದರೆ ಒತ್ತಡ ಎರಡರಷ್ಟು. ಡೈ ಬದಲಾಯಿಸದೆ 8ರಲ್ಲೇ ಒತ್ತಿದರೆ ನಾಲ್ಕರಷ್ಟು. ಡೈ ಒಡೆಯುವುದು ಹೀಗೆಯೇ.

ನಿನ್ನೆ 90 ಡಿಗ್ರಿ ಬರುತ್ತಿತ್ತು, ಇವತ್ತು ಅದೇ ಸೆಟ್ಟಿಂಗಿನಲ್ಲಿ 92 ಬರುತ್ತಿದೆ. ಮೆಷಿನ್ ಕೆಟ್ಟಿದೆಯಾ?

ಮೊದಲು ಕಾಯಿಲ್ ಬದಲಾಗಿದೆಯಾ ನೋಡಿ. ಬಗ್ಗಿಸಿ ಬಿಟ್ಟಾಗ ಶೀಟು ಸ್ವಲ್ಪ ವಾಪಸ್ ತೆರೆದುಕೊಳ್ಳುತ್ತದೆ, ಅದು ಸ್ಪ್ರಿಂಗ್ ಬ್ಯಾಕ್. ಶೀಟು ಎಷ್ಟು ಬಿಗಿಯೋ ಅಷ್ಟು ಜಾಸ್ತಿ ತೆರೆದುಕೊಳ್ಳುತ್ತದೆ. ದಪ್ಪ ಸ್ವಲ್ಪ ಇಳಿದಿದ್ದರೂ ಕೋನ ಬದಲಾಗುತ್ತದೆ. ಒಂದೇ ಗ್ರೇಡಿನ ಎರಡು ಕಾಯಿಲ್‌ಗಳಲ್ಲಿ ಈ ವ್ಯತ್ಯಾಸ ಮಾಮೂಲು. ಹೊಸ ಕಾಯಿಲ್ ತೆರೆದಾಗ ಒಂದು ತುಂಡು ಬಗ್ಗಿಸಿ ನೋಡಿ ಸೆಟ್ ಮಾಡಿಕೊಳ್ಳಿ.

ಪ್ರೆಸ್ ಮಾಡಿದ ಮೇಲೆ ಶೀಟಿನ ಮೈಮೇಲೆ ಜ್ವಾಲೆಯ ನಾಲಿಗೆಗಳಂಥ ಗೆರೆ ಎದ್ದಿದೆ. ಡೈ ತಪ್ಪಾ?

ಡೈ ತಪ್ಪಲ್ಲ, ಶೀಟಿಗೆ ವಯಸ್ಸಾಗಿದೆ. ಈ ಗೆರೆಗಳಿಗೆ ಸ್ಟ್ರೆಚರ್ ಸ್ಟ್ರೇನ್ ಅನ್ನುತ್ತಾರೆ, ಪುಸ್ತಕಗಳಲ್ಲಿ ಲ್ಯೂಡರ್ಸ್ ಗೆರೆ.

ಅನೀಲ್ ಆದ ಶೀಟು ಎಳೆದ ಕೂಡಲೇ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಕಾರ್ಬನ್ ಮತ್ತು ನೈಟ್ರೋಜನ್ ಪರಮಾಣುಗಳು ಉಕ್ಕಿನೊಳಗಿನ ಜಾರುವ ಗೆರೆಗಳ ಹತ್ತಿರ ಹೋಗಿ ಕೂತು, ಅವುಗಳನ್ನು ಬೀಗ ಹಾಕಿದಂತೆ ಹಿಡಿದಿರುತ್ತವೆ. ಕಾಟ್ರೆಲ್ ಮತ್ತು ಬಿಲ್ಬಿ ಅನ್ನುವ ಇಬ್ಬರು ವಿಜ್ಞಾನಿಗಳು 1949ರಲ್ಲಿ ಕೊಟ್ಟ ವಿವರಣೆ ಇದು. ಬೀಗ ಬಿಟ್ಟುಕೊಂಡ ಜಾಗ ಥಟ್ಟನೆ ಹಿಗ್ಗುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಮೈಮೇಲೆ ಗೆರೆ ಕಾಣುತ್ತದೆ.

ಇದನ್ನು ತಪ್ಪಿಸಲೆಂದೇ ಮಿಲ್ಲಿನಲ್ಲಿ ಅನೀಲಿಂಗ್ ಆದ ಮೇಲೆ ಸ್ಕಿನ್ ಪಾಸ್ ಮಾಡುತ್ತಾರೆ. ಅಂದರೆ ಶೇ. 1ರ ಆಸುಪಾಸು ಮಾತ್ರ ಹಿಗ್ಗುವಂತೆ ಕೊನೆಯದಾಗಿ ಒಂದು ಹಗುರ ರೋಲಿಂಗ್. ಬೀಗಗಳು ಕಳಚಿಕೊಳ್ಳುತ್ತವೆ. ಶೀಟಿನ ಮೈಗೆ ಬೇಕಾದ ಮಿರುಗು ಅಥವಾ ಮಂಕು ಬರುವುದೂ, ಶೀಟು ಸಮತಟ್ಟಾಗುವುದೂ ಇದೇ ಹಂತದಲ್ಲಿ. ಆದರೆ ದಿನ ಕಳೆದಂತೆ ಆ ಪರಮಾಣುಗಳು ಮೆಲ್ಲಗೆ ವಾಪಸ್ ಬಂದು ಕೂರುತ್ತವೆ. ಸೆಖೆ ಜಾಸ್ತಿ ಇದ್ದಷ್ಟೂ ಬೇಗ. ತಗಡಿನ ಛಾವಣಿಯ ಗೋಡೌನಿನಲ್ಲಿ ಬೇಸಿಗೆ ಕಳೆದ ಮಾಮೂಲಿ ಗ್ರೇಡಿನ ಶೀಟಿನಲ್ಲಿ ಗೆರೆ ಎದ್ದರೆ ಆಶ್ಚರ್ಯ ಬೇಡ. ಡಿಸಿ01ರಂಥ ಶೀಟನ್ನು ಆರು ವಾರದೊಳಗೆ ಬಳಸಿ ಅನ್ನುವ ಸಲಹೆಯೇ ಇದೆ.

ಬೀರುವಿನ ಒಳತಟ್ಟೆಗೆ ಈ ಗೆರೆಗಳಿಂದ ಏನೂ ತೊಂದರೆ ಇಲ್ಲ. ಕಾಣುವ ಭಾಗವಾದರೆ ಹಳೆಯ ಸ್ಟಾಕು ಮೊದಲು ಖಾಲಿ ಮಾಡಿ, ಅಥವಾ ಪ್ರೆಸ್‌ಗೆ ಮೊದಲು ರೋಲರ್ ಲೆವೆಲರಿನಲ್ಲಿ ಹಾಯಿಸಿ. ಪೂರ್ತಿ ನೆಮ್ಮದಿ ಬೇಕಾದರೆ ಐಎಫ್ ಉಕ್ಕು. ಅಲ್ಲಿ ಬೀಗ ಹಾಕುವವರೇ ಇಲ್ಲ.

ಡ್ರಾ ಮಾಡುವಾಗ ಬುಡದ ಮೂಲೆಯಲ್ಲಿ ಸೀಳುತ್ತದೆ. ಶೀಟು ಬದಲಾಯಿಸಲಾ?

ಕೊನೆಗೆ ಬದಲಾಯಿಸಿ. ಮೊದಲು ಡೈ ಮೂಲೆಯ ದುಂಡಗು ಸಾಕಷ್ಟಿದೆಯಾ, ಎಣ್ಣೆ ಸರಿಯಾಗಿ ಹಚ್ಚಿದ್ದೀರಾ, ಶೀಟನ್ನು ಹಿಡಿಯುವ ರಿಂಗಿನ ಒತ್ತಡ ಅತಿಯಾಗಿದೆಯಾ ನೋಡಿ. ಒತ್ತಡ ಜಾಸ್ತಿಯಾದರೆ ಸೀಳುತ್ತದೆ, ಕಡಿಮೆಯಾದರೆ ಅಂಚಿನಲ್ಲಿ ಸುಕ್ಕು. ಒಂದೇ ಏಟಿನಲ್ಲಿ ಬಿಲ್ಲೆಯ (ಡ್ರಾ ಮಾಡಲು ದುಂಡಗೆ ಕತ್ತರಿಸಿದ ಶೀಟಿನ) ವ್ಯಾಸವನ್ನು ಅರ್ಧಕ್ಕಿಂತ ಕೆಳಗೆ ಇಳಿಸಲು ಹೋದರೆ ಒಳ್ಳೆಯ ಶೀಟೂ ಸೋಲುತ್ತದೆ. ಎರಡು ಹಂತ ಮಾಡಿ.

ಇವೆಲ್ಲ ಸರಿ ಇದ್ದೂ ಸೀಳಿದರೆ ಗ್ರೇಡ್ ಏರಿಸಿ. ಆಗ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಹಿಗ್ಗುವ ಶೇಕಡಾ ಒಂದನ್ನೇ ನೋಡಬೇಡಿ. ಆರ್-ವ್ಯಾಲ್ಯೂ ಎಷ್ಟಿದೆ ನೋಡಿ. ಎಳೆದಾಗ ಶೀಟು ಅಗಲದಲ್ಲಿ ಕುಗ್ಗಲು ಒಪ್ಪುತ್ತದಾ, ದಪ್ಪದಲ್ಲಿ ಸೊರಗುತ್ತದಾ ಅಂತ ಹೇಳುವ ಅಂಕಿ ಅದು. ಡಿಸಿ04ಕ್ಕೆ ಕನಿಷ್ಠ 1.6, ಅದೇ ಯುರೋಪಿನ ಪಟ್ಟಿಯ ಇನ್ನೂ ಮೇಲಿನ ಗ್ರೇಡ್ ಡಿಸಿ06ಕ್ಕೆ 2.1. ದೊಡ್ಡದಿದ್ದಷ್ಟೂ ಬಟ್ಟಲಿನ ಗೋಡೆ ತೆಳುವಾಗದೆ ಉಳಿಯುತ್ತದೆ. ಬಟ್ಟಲಿನ ಬಾಯಲ್ಲಿ ಕಿವಿಗಳಂತೆ ಏರಿಳಿತ ಬಂದರೆ ಅದು ಸೀಳುವುದಕ್ಕೆ ಸಂಬಂಧಪಟ್ಟದ್ದಲ್ಲ. ರೋಲಿಂಗ್ ದಿಕ್ಕಿನಿಂದ ಬರುವ ಸ್ವಭಾವ, ಟ್ರಿಮ್ ಮಾಡಿ ತೆಗೆಯಬೇಕು.

ವೆಲ್ಡಿಂಗ್ ಸುಲಭನಾ?

ತುಂಬ ಸುಲಭ. ಕಷ್ಟ ಇರುವುದು ಶೀಟು ತೆಳು ಅನ್ನುವುದರಲ್ಲಿ. ಬಿಸಿ ಜಾಸ್ತಿಯಾದರೆ ತೂತು ಬೀಳುತ್ತದೆ, ಉದ್ದಕ್ಕೆ ಒಂದೇ ಸಮ ಹೊಡೆದರೆ ಶೀಟು ಅಲೆಯಂತೆ ಏಳುತ್ತದೆ. ಸಿಓ2 ವೆಲ್ಡಿಂಗ್ ಆದರೆ 0.8 ಎಂಎಂ ವೈರ್ ಹಾಕಿ, ಅಲ್ಲೊಂದು ಇಲ್ಲೊಂದು ಚಿಕ್ಕ ಟಾಕಾ ಕೊಡುತ್ತಾ ಹೋಗಿ. ಸ್ಪಾಟ್ ವೆಲ್ಡಿಂಗಿಗೆ ಈ ಶೀಟು ಹೇಳಿ ಮಾಡಿಸಿದ್ದು. 1 ಎಂಎಂ ಶೀಟಿಗೆ ಎಲೆಕ್ಟ್ರೋಡ್ ತುದಿ ಸುಮಾರು 5 ಎಂಎಂ ಇರಲಿ. ತುದಿ ತಟ್ಟಿ ತಟ್ಟಿ ಅಗಲವಾದಂತೆ ಅದೇ ಕರೆಂಟಿಗೆ ಬೆಸುಗೆ ಬಡವಾಗುತ್ತದೆ. ಎರಡು ತುಂಡು ಬೆಸೆದು ಕಿತ್ತು ನೋಡಿ. ಒಂದರ ತೂತಿನಿಂದ ಇನ್ನೊಂದರ ಮೇಲೆ ಗುಂಡಿಯಂತೆ ಲೋಹ ಕಿತ್ತು ಬಂದರೆ ಬೆಸುಗೆ ಸರಿ ಇದೆ.

ಕುಲುಮೆಯಲ್ಲಿ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದಾ?

ಇಲ್ಲ, ಅಷ್ಟು ಕಾರ್ಬನ್ ಇದರಲ್ಲಿಲ್ಲ. ಮೈಮೇಲೆ ಮಾತ್ರ ಕಾರ್ಬನ್ ತುಂಬಿಸಿ ಗಟ್ಟಿ ಮಾಡುವ ಕೇಸ್ ಹಾರ್ಡನಿಂಗ್ ಸಾಧ್ಯ.

ಮಳೆಗಾಲದಲ್ಲಿ ಪೇರಿಸಿಟ್ಟ ಶೀಟಿನ ನಡುವೆಯೇ ತುಕ್ಕು ಬಂದಿದೆ. ಮೇಲೆ ಟಾರ್ಪಾಲ್ ಇತ್ತು. ಹೇಗೆ?

ನೀರು ಮೇಲಿಂದಲೇ ಬರಬೇಕಿಲ್ಲ. ತಣ್ಣಗಿರುವ ಶೀಟಿಗೆ ತೇವದ ಗಾಳಿ ತಾಗಿದರೆ ಸಾಕು, ಬೆವರಿನಂತೆ ನೀರು ಕೂರುತ್ತದೆ. ಅಂಚಿಗೆ ಬಂದ ಹನಿಯನ್ನು ಎರಡು ಶೀಟುಗಳ ನಡುವಿನ ಸಂದು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಆಡದ್ದರಿಂದ ಅದು ಒಣಗುವುದೂ ಇಲ್ಲ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಟಾರ್ಪಾಲನ್ನು ನೆಲಕ್ಕೆ ಮುಟ್ಟುವಂತೆ ಬಿಗಿಯಾಗಿ ಮುಚ್ಚಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ.

ಮಿಲ್ಲಿನವರು ಹಚ್ಚಿದ ತುಕ್ಕು ತಡೆಯುವ ಎಣ್ಣೆ ಸಾಗಣೆಗೆ, ಕೆಲವು ವಾರದ ಗೋಡೌನ್ ವಾಸಕ್ಕೆ ಅಷ್ಟೇ. ಮರದ ದಿಮ್ಮಿ ಮೇಲೆ ಇಡಿ, ಗೋಡೆಯಿಂದ ದೂರ ಇಡಿ. ಲಾರಿಯಿಂದ ಇಳಿಸಿದ ಪ್ಯಾಕೆಟ್ಟನ್ನು ಒಳಗಿನ ಹವೆಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗಿ ಎದ್ದು, ಬಣ್ಣದ ಕೆಳಗಿಂದಲೂ ತೋರುವುದುಂಟು.

ಪೌಡರ್ ಕೋಟಿಂಗ್ ಮಾಡಿಸಿದೆ, ಆರು ತಿಂಗಳಲ್ಲಿ ಸಿಪ್ಪೆ ಎದ್ದಿತು. ಪೌಡರ್ ಕಳಪೆನಾ?

ಪೌಡರಿಗಿಂತ ಮೊದಲು ತೊಳೆದದ್ದು ಹೇಗೆ ಅಂತ ಕೇಳಿ. ಶೀಟಿನ ಮೇಲೆ ಎಣ್ಣೆ ಇದೆ. ಅದು ಪೂರ್ತಿ ಹೋಗದೆ ಬಣ್ಣ ಹಿಡಿಯುವುದಿಲ್ಲ. ಅದಕ್ಕೇ ಏಳು ಟ್ಯಾಂಕಿನ ಕ್ರಮ ಇರುವುದು: ಎಣ್ಣೆ ತೆಗೆ, ತೊಳೆ, ತುಕ್ಕು ತೆಗೆ, ತೊಳೆ, ಆಮೇಲೆ ಫಾಸ್ಫೇಟಿಂಗ್, ಮತ್ತೆ ತೊಳೆದು ಕೊನೆಯ ಟ್ಯಾಂಕು. ಟ್ಯಾಂಕುಗಳ ಜೋಡಣೆ ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಬದಲಾಗುತ್ತದೆ. ಫಾಸ್ಫೇಟಿನ ಹರಳುಗಳ ತೆಳು ಪದರ ಬಣ್ಣಕ್ಕೆ ಹಿಡಿತ ಕೊಡುತ್ತದೆ, ಗೀರು ಬಿದ್ದ ಕಡೆಯಿಂದ ತುಕ್ಕು ಹರಡದಂತೆ ತಡೆಯುತ್ತದೆ. ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ ಪೌಡರ್ ಹೊಡೆದರೆ ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. ಕಡಿಮೆ ಕೊಟೇಶನ್ ಬಂದದ್ದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಸಿಪ್ಪೆ ಬರೀ ಅಂಚಿನಲ್ಲಿ ಎದ್ದಿದ್ದರೆ ಇನ್ನೊಂದು ಕಾರಣ. ಆಕ್ಸಿಜನ್ ಬಳಸಿ ಲೇಸರ್ ಕಟ್ ಮಾಡಿದ ಅಂಚಿನಲ್ಲಿ ಆಕ್ಸೈಡ್ ಪೊರೆ ಕೂರುತ್ತದೆ, ಬಣ್ಣ ಆ ಪೊರೆಯ ಸಮೇತ ಕಳಚುತ್ತದೆ. ನೈಟ್ರೋಜನ್‌ನಲ್ಲಿ ಕಟ್ ಮಾಡಿಸಿ, ಇಲ್ಲ ಅಂಚು ಉಜ್ಜಿಸಿ.

ಜಿಐ ಶೀಟೇ ಹಾಕಿಬಿಟ್ಟರೆ ಆಗಲ್ವಾ?

ಬಯಲಿನಲ್ಲಿ ಇರುವ ಸಾಮಾನಾದರೆ ಅದೇ ಸರಿ. ಜಿಐ ಕೂಡ ಒಳಗೆ ಸಿಆರ್ ಶೀಟೇ, ಮೇಲೆ ಸತುವಿನ ಪದರ. ತಿಂಡಿ ಡಬ್ಬಗಳ ಟಿನ್‌ಪ್ಲೇಟ್, ಛಾವಣಿಯ ಬಣ್ಣದ ಶೀಟು ಇವುಗಳ ಹೊಟ್ಟೆಯಲ್ಲೂ ಬಹುಪಾಲು ಅದೇ. ಆದರೆ ಜಿಐ ಮೇಲೆ ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಒಳಾಂಗಣದ, ಬೆಸುಗೆ ಜಾಸ್ತಿ ಇರುವ, ಬಣ್ಣ ನುಣುಪಾಗಿ ಬರಬೇಕಾದ ಕೆಲಸಕ್ಕೆ ನಾನು ಸಿಆರ್ ಅನ್ನೇ ಹೇಳುತ್ತೇನೆ.

ನೋಡಿ ಗುರುತಿಸುವುದು ಹೇಗೆ? ಅಯಸ್ಕಾಂತ ಸಾಕಾ?

ಅಯಸ್ಕಾಂತ ಸಿಆರ್, ಎಚ್‌ಆರ್, ಜಿಐ ಮೂರಕ್ಕೂ ಅಂಟುತ್ತದೆ. ಮೈಲುತುತ್ತ ಉತ್ತಮ. ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ಇಟ್ಟಿರುತ್ತಾರಲ್ಲ, ಅದೇ. ನೀರಲ್ಲಿ ಕರಗಿಸಿ, ಎಣ್ಣೆ ಒರೆಸಿದ ಶೀಟಿನ ಮೇಲೆ ಒಂದು ಹನಿ ಬಿಡಿ. ಬರಿ ಉಕ್ಕಾದರೆ ತಾಮ್ರದ ಕೆಂಪು ಕೂರುತ್ತದೆ. ಸತು ಇದ್ದರೆ ಕಪ್ಪಗಾಗುತ್ತದೆ. ಪಿಕ್ಲಿಂಗ್ ಆಗದ ಎಚ್‌ಆರ್ ಅನ್ನು ಗುರುತಿಸಲು ಇಷ್ಟೆಲ್ಲ ಬೇಡ, ಸ್ಕೇಲಿನ ನೀಲಿ-ಕಪ್ಪು ಬಣ್ಣವೇ ಹೇಳುತ್ತದೆ.

ಟ್ರಾನ್ಸ್‌ಫಾರ್ಮರ್, ಮೋಟರ್ ಒಳಗೆ ಹಾಕುವುದೂ ಸಿಆರ್ ಅಂತಾರಲ್ಲ?

ಅದು ಸಿಆರ್‌ಜಿಓ ಮತ್ತು ಸಿಆರ್‌ಎನ್‌ಓ. ಸಿಲಿಕಾನ್ ಬೆರೆಸಿದ ಬೇರೆ ಉಕ್ಕು. ಸಿಲಿಕಾನ್‌ನಿಂದ ಶೀಟಿನೊಳಗೆ ಸುತ್ತುವ ಕರೆಂಟು ಕಡಿಮೆಯಾಗಿ ಬಿಸಿ ಇಳಿಯುತ್ತದೆ. ಅದರ ಜಾಗದಲ್ಲಿ ಮಾಮೂಲಿ ಸಿಆರ್ ಹಾಕಿದರೆ ಮೋಟರ್ ಓಡುತ್ತದೆ, ಆದರೆ ಜಾಸ್ತಿ ಕಾಯುತ್ತದೆ, ಕರೆಂಟು ಜಾಸ್ತಿ ತಿನ್ನುತ್ತದೆ.

ಕರ್ನಾಟಕದಲ್ಲಿ ಸಿಆರ್ ತಯಾರಾಗುತ್ತದಾ?

ಆಗುತ್ತದೆ. ಬಳ್ಳಾರಿ ಜಿಲ್ಲೆ ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ವಿಜಯನಗರ ಸ್ಥಾವರದಲ್ಲಿ ಸಂಡೂರಿನ ಅದಿರಿನ ನೆರೆಯಲ್ಲೇ ಕೋಲ್ಡ್ ರೋಲಿಂಗ್ ಮಿಲ್ಲುಗಳಿವೆ. ಭದ್ರಾವತಿಯ ಕಾರ್ಖಾನೆಗೆ ಹೆಸರು ಬಂದದ್ದು ಅಲಾಯ್ ಮತ್ತು ವಿಶೇಷ ಉಕ್ಕಿನಿಂದ, ಈ ಶೀಟಿನಿಂದಲ್ಲ. ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪುಗಳು ಮಿಲ್ಲಿನಿಂದ ನೇರ ಕೊಳ್ಳುವುದು ಕಡಿಮೆ. ಡೀಲರ್ ಹತ್ತಿರ ಕಾಯಿಲ್ ಬಿಚ್ಚಿ, ಬೇಕಾದ ಉದ್ದಕ್ಕೆ ಕತ್ತರಿಸಿಕೊಂಡು ತರುತ್ತಾರೆ.

ಆರ್ಡರ್ ಕೊಡುವಾಗ ಏನೇನು ಬರೆಯಬೇಕು?

"ಸಿಆರ್ ಶೀಟ್ 1 ಎಂಎಂ" ಅಂತ ಇಷ್ಟೇ ಬರೆದರೆ ಡೀಲರ್ ಹತ್ತಿರ ಏನಿದೆಯೋ ಅದು ಬರುತ್ತದೆ. "ಐಎಸ್ 513 ಭಾಗ 1, ಸಿಆರ್2, ಅನೀಲ್ ಮತ್ತು ಸ್ಕಿನ್ ಪಾಸ್ ಆದದ್ದು, 1.00 × 1250 × 2500 ಎಂಎಂ, ಮಂಕು ಮೈ, ಎಣ್ಣೆ ಹಚ್ಚಿದ್ದು, ಟೆಸ್ಟ್ ಸರ್ಟಿಫಿಕೇಟ್ ಸಮೇತ" ಅಂತ ಬರೆಯಿರಿ. ಮಿರುಗುವ ಮೈ ಬೇಕಾಗುವುದು ಕ್ರೋಮ್ ಪ್ಲೇಟಿಂಗಿನಂಥ ಕೆಲಸಕ್ಕೆ. ಬಣ್ಣಕ್ಕೆ ಮಂಕು ಮೈಯೇ ಲೇಸು, ಹಿಡಿತ ಸಿಗುತ್ತದೆ, ಪ್ರೆಸ್ಸಿನಲ್ಲಿ ಎಣ್ಣೆಯೂ ನಿಲ್ಲುತ್ತದೆ. ಐಎಸ್ 513 ಶೀಟಿಗೆ ಐಎಸ್‌ಐ ಗುರುತು ಸರ್ಕಾರದ ಕಡ್ಡಾಯ ಪಟ್ಟಿಯಲ್ಲಿದೆ. ಸರ್ಟಿಫಿಕೇಟಿನ ಹೀಟ್ ನಂಬರ್ (ಒಂದು ಸಲ ಕರಗಿಸಿದ ಉಕ್ಕಿನ ಗುರುತು), ಕಾಯಿಲ್ ನಂಬರ್ ಎರಡೂ ಪ್ಯಾಕೆಟ್ಟಿನ ಚೀಟಿಗೆ ಹೊಂದುತ್ತವಾ ನೋಡಿ. ಚೀಟಿ ಕಿತ್ತ ಬಿಡಿ ಶೀಟಿಗೆ ಕೊಡುವ ಸರ್ಟಿಫಿಕೇಟು ಯಾವ ಶೀಟಿನದ್ದೂ ಆಗಿರಬಹುದು.

ಕತ್ತರಿಸಿ ಉಳಿದ ಚೂರುಗಳಿಗೆ ಬೆಲೆ ಇದೆಯಾ?

ಇದೆ. ಬಣ್ಣ, ಸತು ಇಲ್ಲದ ಸಿಆರ್ ಚೂರು ಕರಗಿಸುವವರಿಗೆ ಇಷ್ಟ, ಗುಜರಿಯಲ್ಲಿ ಅದರ ದರವೇ ಬೇರೆ. ಜಿಐ ಚೂರಿನ ಜೊತೆ ಒಂದೇ ಡಬ್ಬಕ್ಕೆ ಹಾಕಬೇಡಿ.